ಮಂಗಳವಾರ ಕಳೆದ ಮೇಲೆ

ಶುಶ್ರೂಷಕ ಬಂಧುಗಳೇ, ಊಟಕ್ಕೆ ಮುಂಚೆ ಹೇಳಬೇಕಾದ ವಿಷಯ ಒಂದೇ ಇದೆ.

ನಮ್ಮ ಸಂಘದ ಸಮ್ಮೇಳನ ಬಳ್ಳಾರಿಯಲ್ಲಿ ನಡೆಯುತ್ತಿರುವುದು ಒಳ್ಳೆಯದೇ ಆಯಿತು. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಇದೇ ಜಿಲ್ಲೆಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧಿ ಕೊಡಬಹುದೆಂದು ತೋರಿಸಿದರು. ಆ ಮಾದರಿ ಹಿಡಿದೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಮೇಲೆ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಬಂತು, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವಂತಾಯಿತು. 2022ರಲ್ಲಿ 14416ರ ಟೆಲಿ-ಮಾನಸ್ ಸಹಾಯವಾಣಿ ಬಂತು. ಎಲ್ಲವೂ ಬೇಕಾದದ್ದೇ. ನನ್ನ ತಕರಾರು ಬುಧವಾರದಿಂದ ಸೋಮವಾರದವರೆಗಿನದು.

ಮನೋರೋಗಕ್ಕೆ ಕೊಡುವ ಫ್ಲೂಫೆನಜಿನ್ ಇಂಜೆಕ್ಷನ್ ಹಾಕಿದವರಿಗೆ ಗೊತ್ತು. ಎಳ್ಳೆಣ್ಣೆಯಲ್ಲಿರುವ ಮದ್ದು, ಸಿರಿಂಜಿಗೆ ಬೇಗ ಏರುವುದಿಲ್ಲ, ಸೂಜಿಯಲ್ಲಿ ನೀರಿನ ಪಸೆ ಇರಬಾರದು. ಕೆಲವು ವಾರಗಳಿಗೊಮ್ಮೆ ತಪ್ಪದೆ ಬೀಳಬೇಕು. ನಮ್ಮ ಆರೋಗ್ಯ ಕೇಂದ್ರಕ್ಕೆ ಈ ಸೂಜಿಗೆ ಬರುತ್ತಿದ್ದ ಹುಡುಗನೊಬ್ಬ ಬರುವುದನ್ನೇ ನಿಲ್ಲಿಸಿದ. ಅವನ ತಾಯಿ ಬಿ.ಪಿ. ಮಾತ್ರೆಗೆ ಬಂದಾಗ ವಿಚಾರಿಸಿದೆ. "ಈಗ ಆರಾಮ ಅದಾನ್ರಿ ಸಿಸ್ಟರ್, ಗಾರೆ ಕೆಲಸಕ್ಕ ಹೊಂಟಾನ, ಇನ್ನ ಸೂಜಿ ಯಾಕ್ರಿ?" ಅಂದಳು. ಆರಾಮ ಆದದ್ದೇ ಆ ಸೂಜಿಯಿಂದ ಎಂದು ಮನವರಿಕೆ ಮಾಡಲು ಅರ್ಧ ಗಂಟೆಯಾದರೂ ಬೇಕು. ಹೊರಗೆ ಲಸಿಕೆಗೆ ಬಂದ ಕೂಸುಗಳು ಅಳುತ್ತಿದ್ದವು, ಒಳಗೆ ಹೆರಿಗೆ ನೋವಿನವಳು ಮಲಗಿದ್ದಳು. ಲಸಿಕೆಗೆ ರಿಜಿಸ್ಟರ್ ಇದೆ, ಹೆರಿಗೆಗಿದೆ, ಕ್ಷಯಕ್ಕಿದೆ. ತಪ್ಪಿಸಿಕೊಂಡ ಮನೋರೋಗಿಯ ಲೆಕ್ಕಕ್ಕೆ ನಾನೇ ಕಿರಾಣಿ ಅಂಗಡಿಯಿಂದ ತಂದ ನೋಟ್‌ಬುಕ್ಕು! ಆಶಾ ಕಾರ್ಯಕರ್ತೆಗೆ ಫೋನು ಮಾಡುವುದು ನನ್ನ ಕರೆನ್ಸಿಯಲ್ಲಿ. ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ಚೀಟಿ ಕೊಟ್ಟು ಕಳಿಸುತ್ತೇವೆ, ಅವನು ಹೋಗಿ ಮುಟ್ಟಿದನೋ ಇಲ್ಲವೋ, ಮಾತ್ರೆ ಬದಲಾಯಿತೋ ಎಂದು ತಿಳಿಸುವ ಚೀಟಿ ಮರಳಿ ಬರುವುದಿಲ್ಲ. ರಿಸ್ಪೆರಿಡೋನ್ ಮಾತ್ರೆ ಮುಗಿದರೆ ಇಂಡೆಂಟ್ ಹಾಕಿ ಕಾಯುವಷ್ಟರಲ್ಲಿ ರೋಗ ಮರುಕಳಿಸಿರುತ್ತದೆ. ಆಗ ಮನೆಯವರು ಬೈಯುವುದು ಮನೋವೈದ್ಯರನ್ನಲ್ಲ, ಇಂಜೆಕ್ಷನ್ ರೂಮಿನಲ್ಲಿ ಕೈಗೆ ಸಿಕ್ಕವಳನ್ನು.

ಪರಿಶೀಲನಾ ಸಭೆಯಲ್ಲಿ ಇದನ್ನೆಲ್ಲ ಹೇಳಹೋದರೆ ಅಧಿಕಾರಿಯೊಬ್ಬರು, "ನಿಮ್ಮ ಕೆಲಸ ಸೂಜಿ ಹಾಕೋದು, ಕೌನ್ಸೆಲಿಂಗ್ ಅಲ್ಲ" ಎಂದರು. ಮುಂದಿನ ಸಭೆಯಲ್ಲಿ ಎಷ್ಟು ಮಂದಿಗೆ ಕೌನ್ಸೆಲಿಂಗ್ ಆಯಿತೆಂದು ಅಂಕಿ ಕೇಳಿದವರೂ ಅವರೇ. ನಮ್ಮೊಳಗಿನವರೂ ಕಡಿಮೆಯಿಲ್ಲ. "ಈ ಉಸಾಬರಿ ನಮಗೆ ಬೇಡ, ಸಮುದಾಯ ಆರೋಗ್ಯಾಧಿಕಾರಿಗಳಿಗೆ ಅಂಟಿಸಿ" ಎಂದು ನನ್ನ ಮಾತು ತಡೆದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆ ಆರೋಗ್ಯಾಧಿಕಾರಿಗಳಲ್ಲೂ ನರ್ಸಿಂಗ್ ಓದಿದ ನಮ್ಮ ಮಕ್ಕಳೇ ಹೆಚ್ಚು, ಅದೂ ಗುತ್ತಿಗೆಯ ಮೇಲೆ. ಕೆಲಸವನ್ನು ಅವರ ಹೆಗಲಿಗೆ ದಾಟಿಸಿದರೆ ಮುಗಿಯಿತೇ?

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದೆಂಬುದನ್ನು ಅವಲಂಬಿಸಿ, ನೂರು ಮನೋರೋಗಿಗಳಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಆ ಹಕ್ಕು ಹಳ್ಳಿ ಮುಟ್ಟುವುದು ಯಾರ ಕೈಯಿಂದ ಎಂದು ಆರೋಗ್ಯ ಇಲಾಖೆ ನಮ್ಮ ಡ್ಯೂಟಿ ಪಟ್ಟಿಯಲ್ಲಿ ಬರೆಯಲಿ.

ನಾವು ಕೇಳುವುದು ಇಷ್ಟು. ಪ್ರತಿ ಕೇಂದ್ರದಲ್ಲಿ ಒಬ್ಬ ನರ್ಸಿಗೆ ಗುರುವಾರ ಮಧ್ಯಾಹ್ನ ಬೇರೆ ಡ್ಯೂಟಿ ಹಾಕದೆ ಮನೋರೋಗಿಗಳ ಈ ಕೆಲಸಕ್ಕೇ ಬಿಡಬೇಕು. ಮುದ್ರಿತ ರಿಜಿಸ್ಟರ್, ಇಲಾಖೆಯ ಸಿಮ್ ಕೊಡಬೇಕು. ತಾಲ್ಲೂಕಿನಿಂದ ಮರುಚೀಟಿ ಒಂದು ವಾರದೊಳಗೆ ಬರಬೇಕು. ಔಷಧಿ ಒಂದು ತಿಂಗಳಿಗಾಗುವಷ್ಟು ಉಳಿದಿರುವಾಗಲೇ ಇಂಡೆಂಟ್ ಪಾಸಾಗಬೇಕು. ಪ್ರತಿ ತಾಲ್ಲೂಕಿಗೂ ಮನೋರೋಗ ಶುಶ್ರೂಷೆಯಲ್ಲಿ ತರಬೇತಾದ ಒಬ್ಬರು ಕಾಯಂ ಆಗಿ ಬರಲಿ ಎಂಬ ಆಸೆಯೂ ಇದೆ. ಹಣಕಾಸು ಇಲಾಖೆ ನಗಬಹುದು, ನಗಲಿ.

ಈ ಬೇಡಿಕೆಗಳ ನಿರ್ಣಯದ ಕರಡು ನಿಮ್ಮ ಕೈಚೀಲಗಳಲ್ಲಿದೆ. ತಿದ್ದುಪಡಿ ಇದ್ದವರು ಮಧ್ಯಾಹ್ನದ ಗೋಷ್ಠಿಗೆ ಮುಂಚೆ ಬರೆದು ಕೊಡಿ. ಹೋದ ಸಲದಂತೆ ಮೈಕು ಕಸಿದುಕೊಳ್ಳುವುದು ಬೇಡ.