ಎಡೆದೊರೆ ನಾಡಿನ ಹಳ್ಳಗಳು



ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಸೀಮೆಗೆ ಎಡೆದೊರೆ ನಾಡೆಂಬುದು ಪೂರ್ವದ ಹೆಸರು. ತೊರೆಗಳ ಎಡೆಯಲ್ಲಿರುವ ನಾಡೆಂದು ಅದರ ಅರ್ಥ. ಉತ್ತರದಲ್ಲಿ ಕೃಷ್ಣೆಯು ದೇವದುರ್ಗದ ಎಲ್ಲೆಯನ್ನೂ, ದಕ್ಷಿಣದಲ್ಲಿ ತುಂಗಭದ್ರೆಯು ಮಾನ್ವಿಯ ಎಲ್ಲೆಯನ್ನೂ ಮುಟ್ಟಿ, ರಾಯಚೂರನ್ನು ನಡುವಿರಿಸಿಕೊಂಡು ಮೂಡಲಿಗೆ ಸಾಗಿ, ಕರ್ನೂಲಿನ ಸಮೀಪ ಕೂಡವೆಲ್ಲಿಯಲ್ಲಿ ಸಂಗಮಿಸುತ್ತವೆ.

ಎರಡು ಮಹಾನದಿಗಳ ನಡುವೆ ನೀರಿಗೆ ಬರವೆಲ್ಲಿಯದೆಂದು ಹೊರಗಿನವರು ಕೇಳುವುದುಂಟು. ಆದರೆ ಹೊಳೆಯು ಹರಿಯುವುದು ತಗ್ಗಿನಲ್ಲಿ. ಹೊಲಮನೆಗಳಿರುವುದು ದಿನ್ನೆಯ ಮೇಲೆ. ಆದಕಾರಣ ಒಳನಾಡಿನ ಊರುಗಳನ್ನು ಬಹುಕಾಲ ಸಲಹಿದವು ಹಳ್ಳಗಳೇ. ನಡುನಾಡಿನ ಏರಿನಿಂದ ಬಡಗಲಿಗೆ ಬಿದ್ದ ಮಳೆಯು ದೇವದುರ್ಗದ ಹಳ್ಳಗಳ ಮುಖಾಂತರ ಕೃಷ್ಣೆಗೂ, ತೆಂಕಲಿಗೆ ಬಿದ್ದುದು ಮಾನ್ವಿಯ ಹಳ್ಳಗಳ ಮುಖಾಂತರ ತುಂಗಭದ್ರೆಗೂ ಸೇರುತ್ತದೆ. ಇವು ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಬತ್ತತಕ್ಕವು. ಬತ್ತಿದಾಗಲೂ ಮರಳಿನಲ್ಲಿ ವರತಿ ತೋಡಿದರೆ ನೀರು ದೊರೆಯುತ್ತಿತ್ತು.

ಹಳ್ಳವು ಕಿರಿದೆಂದು ಅದರ ಮಹಿಮೆ ಕಿರಿದಲ್ಲ. ತುಂಗಭದ್ರೆಗೆ ಸೇರುವ ಮಸ್ಕಿಯ ಹಳ್ಳವನ್ನೇ ನೋಡಬಹುದು. ಅದರ ಬಳಿಯ ಬೆಟ್ಟದಲ್ಲಿಯೇ 1915ರಲ್ಲಿ ಅಶೋಕನ ಶಾಸನವು ದೊರೆಯಿತು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಅದರಿಂದ ಸ್ಪಷ್ಟವಾಯಿತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಜನರು ನೆಲೆನಿಂತುದು ಇಂತಹ ಹಳ್ಳದ ದಡದಲ್ಲಿ.

ತರುವಾಯ ಕಾಲುವೆಗಳು ಬಂದವು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. ಅದರ ಎಡದಂಡೆಯ ಕಾಲುವೆಯು ಸಿಂಧನೂರು, ಮಾನ್ವಿ, ರಾಯಚೂರು ಸೀಮೆಗಳಿಗೆ ನೀರುಣಿಸಿತು. ನಾರಾಯಣಪುರದ ಬಸವಸಾಗರದಿಂದ ದೇವದುರ್ಗಕ್ಕೂ ಕಾಲುವೆ ಹರಿಯಿತು. ಆಗ ಹಳ್ಳದ ಗೊಡವೆ ಇನ್ನೇಕೆಂದು ಹಲವರು ಬಗೆದರು. ಇದು ಸರಿಯಲ್ಲ. ಕಾಲುವೆಯು ನೀರನ್ನು ತರುತ್ತದೆ. ಹೆಚ್ಚಾದುದನ್ನು ಹೊರಗೊಯ್ಯುವುದು ಹಳ್ಳವೇ. ಹಳ್ಳ ಹೂಳಿದಲ್ಲಿ ಎರೆಭೂಮಿಯಲ್ಲಿ ನೀರು ನಿಂತು ಜವುಳಾಗುತ್ತದೆ. ಒಳಗಿನ ಉಪ್ಪು ಮೇಲೆದ್ದು ಹೊಲವು ಸವುಳಾಗುತ್ತದೆ. ತಲೆಮಾರುಗಳು ಬಾಳಿದ ನೆಲವು ಮಕ್ಕಳಿಗೆ ಬಂಜೆಯಾಗಿ ಉಳಿಯುತ್ತದೆ.

ಮಲಪಹಾರಿಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮವು ಬಸವಣ್ಣನವರ ಐಕ್ಯಸ್ಥಳವಾದುದರಿಂದ ನಮ್ಮ ಜನರಿಗೆ ಪರಮಪಾವನವು. ಅಲ್ಲಿಗೆ ಯಾತ್ರೆ ಹೋಗುವ ಭಕ್ತನು ತನ್ನೂರ ಹಳ್ಳಕ್ಕೆ ಕಸ ಸುರಿಯುವುದು, ದಡವನ್ನು ಒತ್ತಿ ಉಳುವುದು, ಮರಳನ್ನು ಬಗೆದೊಯ್ಯುವುದು ಯಾವ ಭಕ್ತಿ? ತಾನು ಪಡೆದುದನ್ನು ತನಗೆಂದು ಇಟ್ಟುಕೊಳ್ಳದೆ ಹೊಳೆಗೆ ಸಲ್ಲಿಸುವ ಹಳ್ಳವು ದಾಸೋಹದ ಪ್ರತ್ಯಕ್ಷ ನಿದರ್ಶನ. ಮುಂಗಾರಿಗೆ ಮುನ್ನ ಊರವರೆಲ್ಲ ಕೂಡಿ ಹಳ್ಳದ ಹೂಳು ತೆಗೆಯುವುದು ಕಾಯಕವೇ ಆಗಿದೆ. ಈ ಮಹೋತ್ಸವದ ನೆನಪಿಗೆ ಪ್ರತಿಯೊಂದು ಊರಿನ ಭಕ್ತರು ಆ ಕಾಯಕವನ್ನು ಕೈಕೊಳ್ಳುವಂತಾಗಲಿ.