ದೆಹಲಿಗೆ ಹೋದ ಮೆಕ್ಕೆಕಟ್ಟಿನ ಮೂರ್ತಿಗಳು: ಲೇಬಲ್‌ನಲ್ಲಿ ಇಲ್ಲದ ಕತೆ

ಇವತ್ತಿನ ಪ್ರಶ್ನೆ ಒಂದೇ: ಮ್ಯೂಸಿಯಂನಲ್ಲಿರೋ ನಮ್ಮೂರಿನ ವಸ್ತುಗಳು ಅಲ್ಲಿಗೆ ಹೋಗಿದ್ದು ಹೇಗೆ?

ಬ್ರಹ್ಮಾವರ ತಾಲೂಕಿನ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ಇದೆ. ಅಲ್ಲಿನ ನಂದಿಕೇಶ್ವರ ದೇವಸ್ಥಾನದ ಕೆಂಪು ಬಣ್ಣದ ಮರದ ಮೂರ್ತಿಗಳನ್ನ ಒಮ್ಮೆ ಕಂಡವರು ಮರೆಯೋದಿಲ್ಲ. ಆದ್ರೆ ಈಗ ಅಲ್ಲಿರೋದು ಹೊಸ ಮೂರ್ತಿಗಳು. ಹಳೆಯವನ್ನ ಕಾಣ್ಬೇಕಂದ್ರೆ ದೆಹಲಿಗೆ, ಪ್ರಗತಿ ಮೈದಾನದ ಪಕ್ಕದ ರಾಷ್ಟ್ರೀಯ ಕರಕುಶಲ ಮ್ಯೂಸಿಯಂಗೆ ಹೋಗ್ಬೇಕು.

'ಕದ್ದುಕೊಂಡು ಹೋದ್ರಾ?' ಅಂತ ತಕ್ಷಣ ಕೇಳ್ಬೇಡಿ. ನಮ್ಮಲ್ಲಿ ಜೀರ್ಣೋದ್ಧಾರ ಆದಾಗ ಹೊಸ ಮೂರ್ತಿಗೆ ಪ್ರತಿಷ್ಠೆ ಆಗತ್ತೆ. ಆಮೇಲೆ ಹಳೇದಕ್ಕೆ ಪೂಜೆ ಇಲ್ಲ, ನೀರಿಗೆ ಬಿಡೋದೂ ಉಂಟು. ಪೂಜೆ ನಿಂತ ಮೂರ್ತಿಯನ್ನ ಒಬ್ರು ಕೊಟ್ಟಿರಬಹುದು, ಇನ್ನೊಬ್ರು ಮಾರಿರಬಹುದು, ಮತ್ತೊಂದು ಕಡೆ ಕಳವೇ ಆಗಿರಬಹುದು. ಮೂರೂ ಬೇರೆ ಬೇರೆ ಕತೆ. ಯಾವ ಮೂರ್ತಿಯದ್ದು ಯಾವ ಕತೆ ಅಂತ ಪತ್ತೆ ಮಾಡೋದೇ ಪ್ರೊವೆನನ್ಸ್ ರಿಸರ್ಚ್, ಅಂದ್ರೆ ಮೂಲದ ಹುಡುಕಾಟ.

ನಾನು ಓದಿದ್ದು ಬಿ.ಕಾಂ. ನನಗಿದು ಆಡಿಟ್ ತರ ಕಾಣತ್ತೆ. ಎಂಟ್ರಿ ಇದ್ರೆ ಸಾಲದು, ವೋಚರ್ ಬೇಕು. ಯಾರು ಕೊಟ್ರು, ಯಾರು ತಗೊಂಡ್ರು, ಯಾವ ವರ್ಷ, ಎಷ್ಟು ದುಡ್ಡಿಗೆ?

ಲೇಬಲ್‌ನಲ್ಲಿರೋ ಊರಿನ ಹೆಸರೂ ಒಂದು ಸುಳಿವು. 1956ರವರೆಗೆ ನಮ್ಮ ಕಡೆ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಯಾವುದೋ ದೇಶದ ಮ್ಯೂಸಿಯಂನಲ್ಲಿ 'ಸೌತ್ ಕೆನರಾ, ಮದ್ರಾಸ್' ಅಂತ ಬರೆದಿರೋ ಮುಖವಾಡ ನಮ್ಮ ಪಕ್ಕದ ಮನೆಯದ್ದೇ ಇರಬಹುದು! ಗೂಗಲ್‌ನಲ್ಲಿ 'ಉಡುಪಿ' ಅಂತ ಹುಡುಕಿದ್ರೆ ಅದು ಸಿಕ್ಕೋದೇ ಇಲ್ಲ.

ವರ್ಷ ಎಂತಕ್ಕೆ ಮುಖ್ಯ? 1972ರ ಪ್ರಾಚ್ಯವಸ್ತು ಕಾಯ್ದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ಅದರ ಪ್ರಕಾರ 100 ವರ್ಷ ದಾಟಿದ ಮೂರ್ತಿಯನ್ನ ಖಾಸಗಿಯವರು ವಿದೇಶಕ್ಕೆ ಸಾಗಿಸೋ ಹಾಗಿಲ್ಲ. ವಾಪಸ್ ಕೇಳೋ ದಿನ ಬಂದ್ರೆ 'ಯಾವಾಗ ಹೋಯ್ತು' ಅನ್ನೋದಕ್ಕೆ ದಾಖಲೆ ಬೇಕು.

ಆದ್ರೆ ಕಾನೂನಿಗಿಂತ ಮುಂಚೆ ಹೆಸರಿದೆ. 'ಭೂತ, ಮರ, ಕರ್ನಾಟಕ' ಅಂತ ಬರೆದ್ರೆ ಮ್ಯೂಸಿಯಂನ ಕೆಲಸ ಮುಗೀತು. ನಮಗೆ ಮುಗಿಯೋದಿಲ್ಲ. ಹಾಯ್ಗುಳಿ ಬೇರೆ, ಬೊಬ್ಬರ್ಯ ಬೇರೆ, ಚಿಕ್ಕು ಬೇರೆ. ಯಾವ ಗುಡಿ, ಯಾರು ಪಾತ್ರಿ, ಯಾವ ಮನೆಯವರು ನಂಬಿದ್ದು, ಇದೆಲ್ಲ ದೆಹಲಿಯ ಫೈಲಿನಲ್ಲಿ ಹುಡುಕಿದ್ರೆ ಸಿಗೋದು ಕಷ್ಟ. ಅದಿರೋದು ನಮ್ಮ ಅಜ್ಜ-ಅಜ್ಜಿಯರ ನೆನಪಲ್ಲಿ. ಆ ನೆನಪಿಗೆ ಬ್ಯಾಕಪ್ ಇಲ್ಲ.

ಈಗಲೂ ಊರೂರಲ್ಲಿ ಜೀರ್ಣೋದ್ಧಾರ ನಡೀತಾ ಇದೆ. ನಿಮ್ಮೂರ ಗುಡಿಯಲ್ಲಿ ಕೆಲಸ ಶುರು ಆಗೋ ಮೊದಲು ಆಡಳಿತ ಮಂಡಳಿಯವರ ಒಪ್ಪಿಗೆ ಕೇಳಿ. ಒಪ್ಪಿದ್ರೆ ಹಳೇ ಮೂರ್ತಿಗಳ ಫೋಟೋ ತೆಗೀರಿ, ಎತ್ತರ ಅಳೀರಿ, ಹೆಸರು ಬರೀರಿ. ಹಳೇ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಸಿಕ್ರೆ ಸ್ಕ್ಯಾನ್ ಮಾಡಿ. ಹಿರಿಯರು ಮಾತಾಡೋವಾಗ ರೆಕಾರ್ಡರ್ ಆನ್ ಮಾಡಿ. ಹಳೇ ಮೂರ್ತಿ ಯಾರ ಕೈಗೆ ಹೋಯ್ತು ಅಂತ ಮಂಡಳಿಯ ಪುಸ್ತಕದಲ್ಲಿ ತಾರೀಖು ಹಾಕಿ ಬರೆಸಿ.

ಐವತ್ತು ವರ್ಷ ಬಿಟ್ಟು ಹುಡುಕೋರಿಗೆ ಆ ಒಂದು ಸಾಲೇ ವೋಚರ್. ಮುಂದಿನ ವಾರ ಸಿಗುವ.