ಹೊಳೆದಂಡಿ ಮರ ಹೋದ್ರೆ ಹೊಲಾನೂ ಹೋಗ್ತದ

ಇವತ್ತಿನ ಸಂಚಿಕೆ ಸವಣೂರಿಂದ ಶುರು ಮಾಡೋಣ.

ಸವಣೂರು ಅಂದ್ರೆ ಖಾರ, ವೀಳ್ಯದೆಲೆ, ಆಮೇಲೆ ಮಠದ ಆವರಣದ ದೊಡ್ಡಹುಣಸೆ ಮರಗಳು. 2023ರ ಜುಲೈನಲ್ಲಿ ಮಳೆಗೆ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ದೊಡ್ಡ ಸುದ್ದಿಯಾಯ್ತು, ಮರವನ್ನ ಎತ್ತಿ ಮತ್ತೆ ನೆಟ್ಟರು. ಒಳ್ಳೇದೇ ಆಯ್ತು. ಆದ್ರೆ ಇದೇ ತಾಲ್ಲೂಕಿನಲ್ಲಿ ಹರಿಯೋ ವರದಾ ನದಿಯ ದಂಡೆ ಮೇಲೆ ಒಂದು ಹೊಳೆಮತ್ತಿ ಬಿದ್ರೆ ಯಾರೂ ಫೋಟೋ ಸಹ ತೆಗೆಯಲ್ಲ.

ವರದಾ ಹುಟ್ಟೋದು ಸಾಗರದ ಹತ್ತಿರದ ವರದಾಮೂಲದಲ್ಲಿ. ಬನವಾಸಿ ದಾಟಿ ನಮ್ಮ ಹಾವೇರಿ ಜಿಲ್ಲೆಗೆ ಬಂದು, ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರ್ತಾಳೆ. ಹಾಗಾಗಿ ಮಲೆನಾಡಿನಲ್ಲಿ ಮಳೆ ಜೋರಾದ್ರೆ, ಇಲ್ಲಿ ಬಿಸಿಲಿದ್ರೂ ಹೊಳೆ ಏರ್ತದೆ. 2019ರ ಆಗಸ್ಟ್ ನೆರೆ ನಿಮಗೂ ನೆನಪಿರಬೇಕು.

ಆ ರಭಸಕ್ಕೆ ಮೊದಲು ಎದೆ ಕೊಡೋದು ದಂಡೆಯ ಗಿಡಮರ. ನೀರಂಚಿನ ಲಕ್ಕಿ ಬಾಗಿ ಮತ್ತೆ ಏಳ್ತದೆ, ನೀರಿನ ವೇಗ ಕಡಿಮೆ ಮಾಡ್ತದೆ. ಅದರ ಹಿಂದೆ ಹೊಳೆಮತ್ತಿ, ಹೊಂಗೆ, ನೇರಳೆ ಬೇರು ಬಿಟ್ಟು ಮಣ್ಣು ಹಿಡೀತಾವೆ. ಬೇಸಿಗೆಯಲ್ಲಿ ಅವುಗಳ ನೆರಳಿಗೆ ಮಡುವಿನ ನೀರು ತಂಪಾಗಿರ್ತದೆ. ಉದುರಿದ ಎಲೆ ಹುಳಕ್ಕೆ ಊಟ, ಆ ಹುಳ ಮೀನಿಗೆ ಊಟ.

ಹಾಗಾದ್ರೆ ರೈತರು ಯಾಕೆ ಕಡೀತಾರೆ? ಮರದ ನೆರಳಿಗೆ ಗೋವಿನಜೋಳ ಸರಿಯಾಗಿ ಬರಲ್ಲ, ಇದು ನಿಜ. ಕಡಿದ್ರೆ ಇನ್ನೆರಡು ಸಾಲು ಸಿಗ್ತದೆ. ಆದ್ರೆ ಬೇರು ಕೊಳೆತ ಮೇಲೆ ಬರೋ ನೆರೆ, ಆ ಎರಡು ಸಾಲಿನ ಜೊತೆ ಹೊಲದ ಅಂಚನ್ನೂ ಕೊಚ್ಚಿಕೊಂಡು ಹೋಗಬಹುದು. ಬೆಳೆ ಮುಂದಿನ ವರ್ಷ ಬರ್ತದೆ. ಹೋದ ಮಣ್ಣು ಬರಲ್ಲ.

ಏನು ಮಾಡಬಹುದು? ಮೊದಲನೇದು, ಇರೋದನ್ನ ಕಡಿಯದೇ ಬಿಡೋದು. ಎರಡನೇದು, ನೆರೆ ಇಳಿದು ಮಣ್ಣು ಹಸಿ ಇರುವಾಗಲೇ ಇಳಿಜಾರಿನಲ್ಲಿ ಸಸಿ ಹಚ್ಚೋದು. ಮೂರನೇದು, ಮೊದಲ ಎರಡು-ಮೂರು ವರ್ಷ ಆಡು, ದನ ಬಾಯಿ ಹಾಕದಂತೆ ಮುಳ್ಳುಬೇಲಿ. ಸ್ವಂತ ಹೊಲದಲ್ಲಿ ಹಚ್ಚೋರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಬದುಕಿದ ಸಸಿ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹಧನ ಕೊಡೋ ಯೋಜನೆ ಅದು. ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ.

ಈ ಭಾನುವಾರ ಹೊಳೆಗೆ ಹೋದ್ರೆ ರೀಲ್ಸ್ ಮಾಡ್ರಿ, ಬ್ಯಾಡ ಅನ್ನಲ್ಲ. ಹಂಗೇ ಮರ ಇರೋ ದಂಡೆ, ಮರ ಇಲ್ಲದ ದಂಡೆ ಎರಡನ್ನೂ ಒಮ್ಮೆ ನೋಡ್ರಿ. ಎಲ್ಲಿ ಮಣ್ಣು ಕುಸಿದದ ಅಂತ ಅಪ್ಪಾಜಿಗೂ ತೋರಿಸ್ರಿ.

ಮುಂದಿನ ವಾರ ಸಿಗೋಣ.